ಲೆಕ್ಕ ಕೇಳುವವರು ಯಾರು, ಯಾರ ಪರ?
(ಸದಸ್ಯರ ಅಧ್ಯಯನ ಕೂಟಕ್ಕಾಗಿ)



ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ, ಕೈಯಲ್ಲಿ ಪ್ರಶ್ನಾವಳಿ ಹಿಡಿದ ಯುವಕ ಯುವತಿಯರು ತೋಟದ ಮನೆಗಳಿಗೆ ಬರುವುದುಂಟು. ಎಷ್ಟು ಎಕರೆ, ಎಷ್ಟು ಆಳು, ಸಾಲ ಯಾರಿಂದ, ಮಾಲು ಯಾರಿಗೆ ಕೊಟ್ಟಿರಿ, ಮಕ್ಕಳೆಲ್ಲ ಎಲ್ಲಿದ್ದಾರೆ ಎಂದು ಕೇಳುತ್ತಾರೆ. ಆಗ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ತೆರಿಗೆ. ಎಕರೆ ತುಸು ಇಳಿಯುತ್ತದೆ, ಸಾಲ ತುಸು ಏರುತ್ತದೆ. ಇನ್ನು ಕೆಲವರು ಬಂದವರಿಗೆ ಕಾಫಿ ಕೊಟ್ಟು ಆದರಿಸಿ, ಅವರಿಗೆ ಸಂತೋಷವಾಗುವಂಥ ಯಾವುದೋ ಒಂದು ಅಂಕಿ ಹೇಳಿ ಕಳಿಸುತ್ತಾರೆ. ಬಂದವರು ಯಾರು, ಅವರನ್ನು ಕಳಿಸಿದ ಸಂಸ್ಥೆ ಎಂಥದು, ನಮ್ಮ ಉತ್ತರ ಎಲ್ಲಿಗೆ ಹೋಗಿ ಏನಾಗುತ್ತದೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಈ ಸಲದ ಪಾಠ ಅದರ ಬಗ್ಗೆ.

ಸಂಶೋಧನೆ ಎಂದೊಡನೆ ಬೆಳೆಗಾರರಾದ ನಮಗೆ ಕಣ್ಣಮುಂದೆ ಬರುವುದು ಬಾಳೆಹೊನ್ನೂರು, ವಿಟ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿಯೂ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಲ್ಲಿಯೂ ಆರಂಭವಾದವು. ಬಿಳಿ ಕಾಂಡಕೊರಕ, ಎಲೆ ತುಕ್ಕು, ಕೊಳೆರೋಗ ಇವುಗಳಿಗೆ ಪರಿಹಾರ ಹುಡುಕುವವರು ನಮಗೆ ಗೊತ್ತು. ಆದರೆ ಒಂದೇ ತಳಿ, ಒಂದೇ ಮಳೆ, ಒಂದೇ ಗೊಬ್ಬರವಿದ್ದೂ ಒಂದು ಮನೆ ನಿಂತಿತು, ಪಕ್ಕದ ಮನೆ ಸಾಲಕ್ಕೆ ಹೋಯಿತು ಎಂದರೆ ಅದಕ್ಕೆ ಗಿಡದಲ್ಲಿ ಕಾರಣ ಸಿಕ್ಕುವುದಿಲ್ಲ. ಸಾಲದ ಬಡ್ಡಿ, ಮಂಡಿಯ ತೂಕ, ಪಾಲು, ಆಳಿನ ಅಭಾವ, ಮನೆಯ ಖರ್ಚು, ಇವುಗಳಲ್ಲಿ ಹುಡುಕಬೇಕು. ಅದನ್ನು ಕ್ರಮವಾಗಿ ಹುಡುಕುವ ವಿದ್ಯೆಗೆ ಸಮಾಜ ವಿಜ್ಞಾನವೆಂದು ಹೆಸರು. ಲಾಭದ ಉದ್ದೇಶವಿಲ್ಲದೆ ಈ ಕೆಲಸಕ್ಕೆಂದೇ ಹುಟ್ಟಿದ ಒಂದು ಹಳೆಯ ಸಂಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಅದು ಪುಣೆಯ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆ. ದೂರದ ಪುಣೆ ನಮಗೇಕೆ ಎಂದು ಕೇಳಬಹುದು. ಆ ಸಂಸ್ಥೆಯನ್ನು ಕಟ್ಟಿದವರು ಸಹಕಾರಿಗಳು. ಅಲ್ಲಿ ಹುಟ್ಟಿದ ಒಂದು ವಿಚಾರ ಇಂದು ನಮ್ಮ ಪಂಚಾಯತಿಯ ಮಳೆಮಾಪಕದವರೆಗೂ ಬಂದು ಮುಟ್ಟಿದೆ.

ಗೋಪಾಲ ಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದರ ಸದಸ್ಯರು ತಮಗಾಗಿ ಹಣ ಗಳಿಸುವುದಿಲ್ಲವೆಂದೂ, ಸಮಾಜವು ಕೊಡುವ ಅಲ್ಪ ವೇತನದಲ್ಲಿ ಸಂಸಾರ ತೂಗಿಸುವೆವೆಂದೂ ಪ್ರತಿಜ್ಞೆ ಮಾಡಬೇಕಾಗಿತ್ತು. ಗೋಖಲೆಯವರಿಗೆ ಅಂಕಿ ಅಂಶಗಳಿಲ್ಲದ ಆವೇಶದ ಭಾಷಣ ಒಗ್ಗುತ್ತಿರಲಿಲ್ಲ. ವೈಸರಾಯರ ಸಭೆಯಲ್ಲಿ ಅವರು ಸರ್ಕಾರದ ಆಯವ್ಯಯವನ್ನು ಸರ್ಕಾರದ ಲೆಕ್ಕಗಳಿಂದಲೇ ಟೀಕಿಸುತ್ತಿದ್ದರು. ಅವರ ಹೆಸರಿನ ಸಂಸ್ಥೆ 1930ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಸಾತಾರದ ರಾವಬಹಾದ್ದೂರ್ ಆರ್. ಆರ್. ಕಾಳೆಯವರು ದತ್ತಿ ಕೊಟ್ಟರು. ಭಾರತ ಸೇವಕ ಸಮಾಜವು ಅದಕ್ಕೆ ಧರ್ಮದರ್ಶಿಯಾಯಿತು. ಮೊದಲ ನಿರ್ದೇಶಕರಾಗಿ ಬಂದವರು ಕೇಂಬ್ರಿಜ್‌ನಲ್ಲಿ ಓದಿ ಬಂದಿದ್ದ, ಆಗಿನ್ನೂ ಇಪ್ಪತ್ತೊಂಬತ್ತರ ಹರೆಯದ ಧನಂಜಯರಾವ್ ಗಾಡ್ಗೀಳರು. 1966ರವರೆಗೆ, ಅಂದರೆ ಮೂವತ್ತಾರು ವರ್ಷ, ಅವರು ಆ ಸ್ಥಾನದಲ್ಲಿದ್ದರು.

ಲಾಭಕ್ಕಲ್ಲದ ಸಂಸ್ಥೆ ಎಂದರೆ ಹಣವೇ ಬೇಡದ ಸಂಸ್ಥೆ ಎಂದು ತಿಳಿಯಬಾರದು. ನಮ್ಮ ಸಹಕಾರ ಸಂಘಕ್ಕೂ ಹಣ ಬೇಕು. ಕಂಪನಿಯಲ್ಲಿ ಮಿಗತೆ ಷೇರುದಾರನಿಗೆ ಹೋಗುತ್ತದೆ, ಸಹಕಾರ ಸಂಘದಲ್ಲಿ ಸದಸ್ಯನಿಗೆ ಬರುತ್ತದೆ, ಇಂಥ ಸಂಸ್ಥೆಯಲ್ಲಿ ಯಾರ ಮನೆಗೂ ಹೋಗದೆ ಮತ್ತೆ ಅಧ್ಯಯನಕ್ಕೇ ಸೇರುತ್ತದೆ. ಆದ್ದರಿಂದ ಅಲ್ಲಿನ ವಿದ್ವಾಂಸನಿಗೆ ಉತ್ತರ ಹೀಗೇ ಬರಲಿ ಎಂಬ ಗರಜು ಇರಬಾರದು. ಕಾಫಿ ಕೊಳ್ಳುವ ಕಂಪನಿಯೂ ಸಮೀಕ್ಷೆ ಮಾಡಿಸುತ್ತದೆ. ಅದು ತಪ್ಪಲ್ಲ. ಆದರೆ ಆ ವರದಿ ಕಂಪನಿಯ ಬೀರುವಿನಲ್ಲಿರುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಪುಣೆಯ ಸಂಸ್ಥೆ ಮಾಡಿದ್ದನ್ನು ಅಚ್ಚು ಹಾಕಿಸಿತು. ಯಾರು ಬೇಕಾದರೂ ಓದಿ, ತಪ್ಪಿದ್ದರೆ ತಪ್ಪೆಂದು ಹೇಳಬಹುದಾಗಿತ್ತು. ಪೋಷಕ ಕಾಳೆಯವರ ಸ್ಮರಣೆಗಾಗಿ ಅಲ್ಲೊಂದು ವಾರ್ಷಿಕ ಉಪನ್ಯಾಸವಿದೆ. 1939ರ ಜನವರಿ 29ರಂದು ಆ ಉಪನ್ಯಾಸ ಕೊಟ್ಟವರು ಡಾ. ಬಿ. ಆರ್. ಅಂಬೇಡ್ಕರ್. ಅಂದಿನ ಸಂಯುಕ್ತ ಸರ್ಕಾರದ ಯೋಜನೆಯನ್ನು ಅವರು ಆ ವೇದಿಕೆಯಿಂದಲೇ ಕಟುವಾಗಿ ವಿರೋಧಿಸಿದರು.

ಗಾಡ್ಗೀಳರ ಕ್ರಮ ಸರಳ. ದೇಶದ ದೊಡ್ಡ ಸಿದ್ಧಾಂತಗಳನ್ನು ಚರ್ಚಿಸುವ ಮೊದಲು ಹತ್ತಿರದ ಸಂಗತಿಯನ್ನು ಎಣಿಸಿ ನೋಡಬೇಕು. 1933ರಲ್ಲೇ ಪುಣೆಯ ಹಣ್ಣಿನ ಮಾರಾಟದ ಸಮೀಕ್ಷೆ ಹೊರಬಂದಿತು. 1940ರಲ್ಲಿ ವಾಯಿ ತಾಲ್ಲೂಕಿನ ರೈತರ ಬೇಸಾಯದ ಲೆಕ್ಕಾಚಾರ ಪ್ರಕಟವಾಯಿತು. ಹಣ್ಣು ಬೆಳೆದವನ ಕೈಬಿಟ್ಟು ತಿನ್ನುವವನ ಕೈ ಸೇರುವವರೆಗೆ ನಡುವೆ ಯಾರು ಯಾರು ಬರುತ್ತಾರೆ ಎಂಬ ಪ್ರಶ್ನೆ ಅಂದಿಗೆ ವಿದ್ವತ್ತಿನ ವಿಷಯವೆಂದು ಯಾರಿಗೂ ತೋರಿರಲಿಲ್ಲ. ಅಡಿಕೆ ಮಂಡಿಯಲ್ಲಿ ನಿಂತು ಸವಾಲು ಕೇಳಿಸಿಕೊಂಡ ನಮಗೆ ಅದರ ಬೆಲೆ ಬೇಗ ತಿಳಿಯುತ್ತದೆ.

ಗೋದಾವರಿ ಮತ್ತು ಪ್ರವರಾ ಕಾಲುವೆಗಳ ಅಧ್ಯಯನ ಇನ್ನೂ ಮುಖ್ಯವಾದದ್ದು. ಅದು 1948ರಲ್ಲಿ ಪ್ರಕಟವಾಯಿತು. ಕಾಲುವೆಗೆ ಸುರಿದ ಬಂಡವಾಳಕ್ಕೆ ನೀರಿನ ಕರದಿಂದ ಎಷ್ಟು ಬಂತು ಎಂದಷ್ಟೇ ನೋಡಿ ಕಾಲುವೆ ಲಾಭವೋ ನಷ್ಟವೋ ಎಂದು ತೀರ್ಮಾನಿಸುವುದು ಆಗಿನ ಪದ್ಧತಿ. ಗಾಡ್ಗೀಳರು ರೈತನ ಬೆಳೆ, ಕೂಲಿಯವನ ಕೆಲಸ, ಸುತ್ತಣ ವ್ಯಾಪಾರ ಇವುಗಳಿಗೆ ಆದ ಪ್ರಯೋಜನವನ್ನೂ ಎಣಿಸಬೇಕೆಂದರು, ಎಣಿಸಿ ತೋರಿಸಿದರು. ಅದೇ ಪ್ರವರಾ ಸೀಮೆಯಲ್ಲಿ, ಅಂದಿನ ಅಹಮದ್‌ನಗರ ಜಿಲ್ಲೆಯ ಲೋಣಿಯಲ್ಲಿ, ವಿಠ್ಠಲರಾವ್ ವಿಖೆ ಪಾಟೀಲರು ಕಬ್ಬು ಬೆಳೆಗಾರರನ್ನು ಒಂದುಗೂಡಿಸಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಲು ಹೊರಟರು. ಅದರ ಮೊದಲ ಅಧ್ಯಕ್ಷರಾಗಿ ನಿಂತವರು ಗಾಡ್ಗೀಳರೇ. 1950-51ರ ಹಂಗಾಮಿನಲ್ಲಿ ಆ ಕಾರ್ಖಾನೆ ಕಬ್ಬು ಅರೆಯಿತು. ರೈತರಿಂದ ಕಾರ್ಖಾನೆ ನಡೆಸಲಾಗದು ಎನ್ನುತ್ತಿದ್ದವರಿಗೆ ಅದು ಉತ್ತರವಾಯಿತು. ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳು ಅದರ ಹಿಂದೆ ಸಾಲಾಗಿ ಬಂದವು. ಅವುಗಳಲ್ಲಿ ಎಲ್ಲವೂ ಸಂಸ್ಥಾಪಕರ ಹಾದಿಯಲ್ಲಿ ನಡೆಯಲಿಲ್ಲವೆಂಬುದೂ ನಿಜ. ಅದು ಬೇರೆಯೇ ಪಾಠ.

ಇಲ್ಲಿ ಓದುಗರಿಗೆ ಒಂದು ಸಂಶಯ ಬರಬೇಕು, ಬಂದರೆ ಒಳ್ಳೆಯದು. ಸಹಕಾರಿ ಕಾರ್ಖಾನೆಯ ಅಧ್ಯಕ್ಷನೇ ಸಹಕಾರದ ಬಗ್ಗೆ ಸಂಶೋಧನೆ ಮಾಡಿದರೆ ನಂಬುವುದು ಹೇಗೆ? ಮುಂದಿನ ಘಟನೆ ಅದಕ್ಕೆ ಉತ್ತರ.

1951ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಗ್ರಾಮೀಣ ಸಾಲದ ಬಗ್ಗೆ ದೇಶವ್ಯಾಪಿ ಸಮೀಕ್ಷೆಗೆ ಒಂದು ನಿರ್ದೇಶನ ಸಮಿತಿ ನೇಮಿಸಿತು. ಎ. ಡಿ. ಗೋರ್‌ವಾಲಾ ಅಧ್ಯಕ್ಷರು. ಸದಸ್ಯರಲ್ಲಿ ಗಾಡ್ಗೀಳರೊಬ್ಬರು. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದರು. 1954ರಲ್ಲಿ ವರದಿ ಬಂತು. ರೈತ ಪಡೆದ ಸಾಲದಲ್ಲಿ ವೃತ್ತಿಪರ ಲೇವಾದೇವಿಗಾರನ ಪಾಲು ನೂರಕ್ಕೆ 44.8; ಬೇಸಾಯದ ಜೊತೆಗೆ ಬಡ್ಡಿ ವ್ಯವಹಾರ ಮಾಡುವವನದು 24.9, ನೆಂಟರಿಷ್ಟರದು 14.2, ವ್ಯಾಪಾರಿ ಮತ್ತು ದಲ್ಲಾಳಿಗಳದು 5.5. ಸರ್ಕಾರ ಕೊಟ್ಟದ್ದು 3.3. ಇನ್ನು 1904ರ ಕಾಯಿದೆಯಿಂದ ಆರಂಭಿಸಿ ಅರ್ಧ ಶತಮಾನ ಭಾಷಣ, ಸಮ್ಮೇಳನ, ಸಪ್ತಾಹಗಳನ್ನು ಕಂಡ ಸಹಕಾರ ಸಂಘಗಳು ಕೊಟ್ಟದ್ದು ನೂರಕ್ಕೆ 3.1.

ಆಯುಷ್ಯವೆಲ್ಲ ಸಹಕಾರಕ್ಕೆ ಕೊಟ್ಟ ವ್ಯಕ್ತಿ ಈ ಅಂಕಿಗೆ ಸಹಿ ಹಾಕಿದರು. ಸಮಿತಿ ಅದನ್ನು ಮುಚ್ಚಲಿಲ್ಲ, ನಯಗೊಳಿಸಲೂ ಇಲ್ಲ. ಇಷ್ಟು ವರ್ಷ ಆದದ್ದು ಸೋಲೆಂದು ಒಪ್ಪಿಕೊಂಡು, ಆದರೂ ಹಳ್ಳಿಯ ಸಾಲಕ್ಕೆ ಬೇರೆ ದಾರಿ ಕಾಣದಿರುವುದರಿಂದ ಇದನ್ನೇ ಗೆಲ್ಲಿಸಬೇಕೆಂದು ವಾದಿಸಿತು. ಗೆಲ್ಲಿಸುವುದು ಹೇಗೆಂದೂ ಹೇಳಿತು. ಸಂಘಗಳ ಷೇರು ಬಂಡವಾಳದಲ್ಲಿ ಸರ್ಕಾರ ಪಾಲುದಾರನಾಗಬೇಕು, ಸಾಲವನ್ನು ಮಾರಾಟದೊಂದಿಗೆ ಜೋಡಿಸಬೇಕು, ಉಗ್ರಾಣಗಳಾಗಬೇಕು, ಹಳ್ಳಿಗಾಡಿಗೆ ಹೋಗುವ ಒಂದು ಸರ್ಕಾರಿ ಬ್ಯಾಂಕು ಬೇಕು. 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆದದ್ದು ಈ ವರದಿಯ ಫಲ. ಬೆಳೆಸಾಲ ಪಡೆದು, ಅದೇ ಸಂಘದ ಮೂಲಕ ಅಡಿಕೆ ಮಾರಿ ಸಾಲಕ್ಕೆ ಮುರಿದುಕೊಳ್ಳುವ ನಮ್ಮ ವ್ಯವಸ್ಥೆಗೂ ಬೇರು ಅಲ್ಲಿದೆ. ಸರ್ಕಾರ ಪಾಲುದಾರನಾದ ಮೇಲೆ ಯಜಮಾನನೂ ಆಗಲು ನೋಡಿತು ಎಂಬುದು ಸಹಕಾರಿಗಳ ದೂರು. ನಮ್ಮ ಅಭಿಪ್ರಾಯವೂ ಅದೇ. ಆದರೆ 3.1 ಎಂಬ ಅಂಕಿಯನ್ನು ಯಾರೂ ಸುಳ್ಳೆನ್ನಲಿಲ್ಲ. ಆ ಅಂಕಿ ಬಂದದ್ದು 600 ಹಳ್ಳಿಗಳ ರೈತರು ಬಂದವರ ಮುಂದೆ ಸಾಲದ ನಿಜ ಹೇಳಿದ್ದರಿಂದ. ಸಾಲದ ವಿಷಯದಲ್ಲಿ ನಿಜ ಹೇಳುವುದು ಎಷ್ಟು ಕಷ್ಟ ಎಂಬುದು ನಮಗೆ ಗೊತ್ತಿದೆ.

ಈಗ ಮಳೆಮಾಪಕದ ವಿಚಾರ. ಗಾಡ್ಗೀಳರ ನಂತರ 1966ರಿಂದ 1980ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದವರು ವಿ. ಎಂ. ದಾಂಡೇಕರ್. ನೀಲಕಂಠ ರಥ್ ಅವರೊಂದಿಗೆ 1971ರಲ್ಲಿ ಭಾರತದ ಬಡತನವನ್ನು ಅಳೆದು ಬರೆದವರು ಇವರೇ. ಅಂದು ಗ್ರಾಮೀಣ ಜನರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆ ತುಂಬುವಷ್ಟು ಆಹಾರ ಕೊಳ್ಳುವ ಶಕ್ತಿಯಿಲ್ಲವೆಂದು ಅವರು ತೋರಿಸಿದರು. ಆದರೆ ಬೆಳೆಗಾರರಿಗೆ ಅವರು ಹೆಚ್ಚು ಹತ್ತಿರವಾಗುವುದು ಬೆಳೆ ವಿಮೆಯಿಂದ.

1972ರಿಂದ 1978ರವರೆಗೆ ಗುಜರಾತಿನ ಎಚ್-4 ಹತ್ತಿಯಿಂದ ಆರಂಭಿಸಿ ಕೆಲವು ಬೆಳೆಗಳಿಗೆ ಪ್ರತಿಯೊಬ್ಬ ರೈತನ ನಷ್ಟವನ್ನು ಬೇರೆ ಬೇರೆಯಾಗಿ ನೋಡಿ ಪರಿಹಾರ ಕೊಡುವ ವಿಮೆಯನ್ನು ಪ್ರಯೋಗಿಸಲಾಯಿತು. ಸೇರಿದ ರೈತರು 3,110. ಬಂದ ಪ್ರೀಮಿಯಂ 4.54 ಲಕ್ಷ ರೂಪಾಯಿ. ಕೊಡಬೇಕಾಗಿ ಬಂದ ಪರಿಹಾರ 37.88 ಲಕ್ಷ ರೂಪಾಯಿ. ಹೀಗೇಕಾಯಿತು ಎಂಬುದನ್ನು ದಾಂಡೇಕರರು 1976ರಲ್ಲಿ ಬಿಡಿಸಿ ಹೇಳಿದರು. ನಷ್ಟವಾಗುವ ಹೊಲದವನೇ ವಿಮೆಗೆ ಮುಂದೆ ಬರುತ್ತಾನೆ. ವಿಮೆ ಮಾಡಿದ ಮೇಲೆ ಆರೈಕೆಯೂ ಸಡಿಲವಾಗಬಹುದು. ಒಂದೊಂದು ಹೊಲದ ತನಿಖೆಗೆ ಆಗುವ ಖರ್ಚು ಪ್ರೀಮಿಯಮ್ಮನ್ನೇ ನುಂಗುತ್ತದೆ. ಬದಲಾಗಿ, ಮಣ್ಣು ಮಳೆಗಳು ಸಮನಾಗಿರುವ ಒಂದು ಪ್ರದೇಶವನ್ನು ಒಂದು ಘಟಕವೆಂದು ಹಿಡಿಯಿರಿ, ಆ ಪ್ರದೇಶದ ಸರಾಸರಿ ಇಳುವರಿ ಬಿದ್ದರೆ ಅಲ್ಲಿನ ಎಲ್ಲರಿಗೂ ಪರಿಹಾರ ಕೊಡಿ ಎಂದರು. 1979ರ ಪ್ರಾಯೋಗಿಕ ಯೋಜನೆ ಈ ತಳಹದಿಯ ಮೇಲೆ ನಿಂತಿತು. 1985ರ ಸಮಗ್ರ ಬೆಳೆ ವಿಮೆ ಅದನ್ನೇ ಅನುಸರಿಸಿತು.

ಇಳುವರಿಯ ಬದಲು ಮಳೆಯನ್ನೇ ಅಳೆದು ವಿಮೆ ಕೊಡಬಹುದೆಂಬ ವಿಚಾರ ಇನ್ನೂ ಹಳೆಯದು, ಮತ್ತು ಅದು ನಮ್ಮ ಮೈಸೂರು ಸಂಸ್ಥಾನದ್ದು. ಸಂಸ್ಥಾನದ ಹಣಕಾಸು ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಮಳೆಯ ಅಂಕಿಯನ್ನಾಧರಿಸಿದ ಕೃಷಿ ವಿಮೆಯ ಯೋಜನೆಯೊಂದನ್ನು ಪುಸ್ತಕವಾಗಿ ಬರೆದರು. ಅದು ಕೈಗೂಡಲಿಲ್ಲ. 2007ರಲ್ಲಿ ಹವಾಮಾನಾಧಾರಿತ ಬೆಳೆ ವಿಮೆಯ ಪ್ರಯೋಗ ಕರ್ನಾಟಕದಿಂದ ಆರಂಭವಾದಾಗ ಆ ಹಳೆಯ ವಿಚಾರಕ್ಕೆ ಜೀವ ಬಂತು. 2016ರಲ್ಲಿ ಪುನರ್ರಚನೆಯಾದ ಯೋಜನೆಯಲ್ಲಿ ನಮ್ಮ ಅಡಿಕೆ ಮತ್ತು ಕಾಳುಮೆಣಸು ಸೇರಿದವು.

ಹೀಗಾಗಿ ಕೊಳೆರೋಗದಿಂದ ಗೊನೆ ಉದುರಿದರೂ ನಿಮ್ಮ ತೋಟವನ್ನು ನೋಡಲು ಯಾರೂ ಬರುವುದಿಲ್ಲವೇಕೆ ಎಂಬ, ವರ್ಷ ವರ್ಷವೂ ನಮ್ಮ ಕಚೇರಿಗೆ ಬರುವ ಪ್ರಶ್ನೆಗೆ ಉತ್ತರ ಇಲ್ಲಿದೆ. ನಿಮ್ಮ ತೋಟದ ಬದಲು ಪಂಚಾಯತಿಯ ಮಳೆಮಾಪಕವನ್ನು ನೋಡುತ್ತಾರೆ. ತನಿಖೆ, ಲಂಚ, ವಿಳಂಬಗಳಿಂದ ಇದು ನಮ್ಮನ್ನು ಉಳಿಸಿದೆ. ಆದರೆ ಮಲೆನಾಡಿನ ಮಳೆ ಬಯಲುಸೀಮೆಯ ಮಳೆಯಲ್ಲ. ಗುಡ್ಡದ ಆಚೆ ಹೊಯ್ದದ್ದು ಈಚೆ ಹನಿಯದೆ ಇರಬಹುದು. ಮಣ್ಣು ಮಳೆಗಳು ಸಮನಾಗಿರಬೇಕೆಂಬುದು ದಾಂಡೇಕರರ ಷರತ್ತು. ನಮ್ಮ ಒಂದೊಂದು ಪಂಚಾಯತಿ ಆ ಷರತ್ತಿಗೆ ಹೊಂದುತ್ತದೆಯೇ? ಮಾಪಕದ ಅಂಕಿಯನ್ನೂ ತೋಟಗಳಲ್ಲಿ ಆದ ನಿಜವಾದ ನಷ್ಟವನ್ನೂ ಹತ್ತು ವರ್ಷ ಅಕ್ಕಪಕ್ಕ ಇಟ್ಟು ನೋಡಿದವರು ಮಾತ್ರ ಹೇಳಬಲ್ಲರು. ವಿಮಾ ಕಂಪನಿಗೆ ಇದನ್ನು ನೋಡುವ ಆತುರವಿಲ್ಲ. ನಾವು ಹೇಳಿದರೆ ಪರಿಹಾರದ ಆಸೆಗೆ ಹೇಳುತ್ತಾರೆ ಎನ್ನುತ್ತಾರೆ. ಎರಡೂ ಕಡೆಗೆ ಸೇರದ ಸಂಸ್ಥೆಯೊಂದು ಬೇಕಾಗುವುದು ಇಂಥಲ್ಲಿ. ಆದರೆ ಅದಕ್ಕೆ ತೋಟದ ಲೆಕ್ಕ ಕೊಡಬೇಕಾದವರು ನಾವೇ.

ಇಂಥ ಸಂಸ್ಥೆಗಾಗಿ ಪುಣೆಯವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು 1972ರಲ್ಲಿ ವಿ. ಕೆ. ಆರ್. ವಿ. ರಾವ್ ಸ್ಥಾಪಿಸಿದರು. ದೇಶದ ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕಿದವರಲ್ಲಿ ಅವರು ಮೊದಲಿಗರ ಸಾಲಿನವರು. ರಾಜ್ಯ ಸರ್ಕಾರ ಮತ್ತು 1969ರಲ್ಲಿ ಆರಂಭವಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಇವೆರಡರ ಅನುದಾನ ಆ ಸಂಸ್ಥೆಗಿದೆ. ಸರ್ಕಾರದ ಹಣ ಪಡೆದು ಸರ್ಕಾರದ ಯೋಜನೆಯನ್ನು ತೂಗುವುದು ಸುಲಭದ ಕೆಲಸವಲ್ಲ. ಒಬ್ಬರ ಬದಲು ಇಬ್ಬರಿಂದ ಹಣ ಬರುವುದು ಆ ಮಟ್ಟಿಗೆ ಒಳ್ಳೆಯದು.

ಆ ಸಂಸ್ಥೆಯ ಆರಂಭದ ವರ್ಷಗಳಲ್ಲಿ ರಾವ್ ಅವರೊಂದಿಗೆ ಮೈಸೂರಿನ ಎಂ. ಎನ್. ಶ್ರೀನಿವಾಸ್ ಇದ್ದರು. ಕೊಡಗಿನ ಸದಸ್ಯರು ಅವರ ಹೆಸರನ್ನು ಕೇಳಿರಬಹುದು. ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಅವರ ಗ್ರಂಥ 1952ರಲ್ಲಿ ಬಂತು. 1948ರಲ್ಲಿ ಅವರು ಮೈಸೂರು ಬಳಿಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು ಅಲ್ಲಿನ ಜೀವನವನ್ನು ಬರೆದಿಟ್ಟರು. ಪುಸ್ತಕಗಳಲ್ಲಿ ಆ ಊರಿಗೆ ಅವರು ಕೊಟ್ಟ ಹೆಸರು ರಾಮಪುರ. ಅದು ಊರಿನ ನಿಜ ಹೆಸರಲ್ಲ. ಜಗಳ, ಪಾಲು, ಸಾಲ, ಪಕ್ಷಗಳನ್ನು ನಂಬಿ ಹೇಳಿದವರ ಮಾನ ಕಾಯಲು ಹೆಸರು ಮರೆಸುವುದು ಈ ವಿದ್ಯೆಯ ಮರ್ಯಾದೆ. ನಿಮ್ಮ ಮನೆಗೆ ಬಂದವರೂ ಇದನ್ನು ಪಾಲಿಸಬೇಕು. ಹೆಸರು, ಸರ್ವೆ ನಂಬರು ಅಚ್ಚಾಗುವುದಿಲ್ಲವೆಂದು ಅವರಿಂದ ಹೇಳಿಸಿಕೊಳ್ಳುವ ಹಕ್ಕು ನಿಮಗಿದೆ.

ಈ ಸಂಸ್ಥೆಗಳ ಮೇಲೆ ನಮಗೆ ದೂರೂ ಇದೆ. ನಮ್ಮ ಕಣದಲ್ಲಿ ಕುಳಿತು ಕನ್ನಡದಲ್ಲಿ ಕೇಳಿಕೊಂಡು ಹೋದದ್ದು ಇಂಗ್ಲಿಷಿನ ಪುಸ್ತಕವಾಗಿ ಗ್ರಂಥಾಲಯ ಸೇರುತ್ತದೆ. ಕೇಳಿದವರಿಗೆ ಪದವಿ ಸಿಕ್ಕುತ್ತದೆ, ಹೇಳಿದವರಿಗೆ ಒಂದು ಹಾಳೆಯೂ ಬರುವುದಿಲ್ಲ. ಮಣ್ಣು ಪರೀಕ್ಷೆಗೆ ಮಣ್ಣು ಕೊಟ್ಟರೆ ಫಲಿತಾಂಶದ ಚೀಟಿ ಬರುತ್ತದಲ್ಲ, ಹಾಗೆ ಇಲ್ಲಿಯೂ ಬರಬೇಕು. ಆದ್ದರಿಂದ ನಮ್ಮ ಸಂಘದ ವ್ಯಾಪ್ತಿಯಲ್ಲಿ ಸಮೀಕ್ಷೆಗೆ ಬರುವವರು ಮೊದಲು ಕಚೇರಿಯಲ್ಲಿ ತಮ್ಮ ಸಂಸ್ಥೆಯ ಪತ್ರ ತೋರಿಸಿ, ಹಣ ಕೊಟ್ಟವರು ಯಾರೆಂದು ಹೇಳಿ, ಮುಗಿದ ಮೇಲೆ ಎರಡು ಪುಟದ ಕನ್ನಡ ಸಾರಾಂಶ ಕಳಿಸುವೆವೆಂದು ಬರೆದುಕೊಡಬೇಕೆಂದು ಕೇಳುವ ವಿಚಾರವನ್ನು ಆಡಳಿತ ಮಂಡಳಿಯ ಮುಂದಿಟ್ಟಿದ್ದೇವೆ. ಒಪ್ಪುವವರಿಗೆ ಬಾಗಿಲು ತೆರೆದಿರಲಿ. ಒಪ್ಪದವರು ಯಾಕೆ ಒಪ್ಪುವುದಿಲ್ಲವೆಂದು ಸದಸ್ಯರೇ ಕೇಳಲಿ.

ನಮ್ಮ ಕಡೆಯ ಕೆಲಸವೂ ಉಂಟು. ಬಂದವರು ಎಷ್ಟೇ ಪ್ರಾಮಾಣಿಕರಾದರೂ ನಮ್ಮಲ್ಲಿ ಲೆಕ್ಕವೇ ಇಲ್ಲದಿದ್ದರೆ ಏನು ಬರೆದುಕೊಂಡಾರು? ಕೊನೆಗಾರನಿಗೆ ಕೊಟ್ಟ ಕೂಲಿ ನಮಗೆ ನೆನಪಿರುತ್ತದೆ, ಬೋರ್ಡೋ ದ್ರಾವಣದ ಮೈಲುತುತ್ತದ ಬಿಲ್ಲು ಎಲ್ಲೋ ಸಿಕ್ಕಿಸಿರುತ್ತದೆ. ಮನೆಯ ಹೆಂಗಸರು ರಾತ್ರಿ ಕುಳಿತು ಸುಲಿದ ಅಡಿಕೆ, ಮಗ ರಜೆಯಲ್ಲಿ ಬಂದು ಹರಡಿ ಒಣಗಿಸಿದ ಚೆರ್ರಿ, ಬೆಟ್ಟದಿಂದ ಹೊತ್ತು ತಂದ ಸೊಪ್ಪು, ಇವು ಯಾವ ಪುಸ್ತಕದಲ್ಲಿಯೂ ಇಲ್ಲ. ಉತ್ಪಾದನಾ ವೆಚ್ಚ ಹೇಳುವಾಗ ಇವನ್ನೆಲ್ಲ ಬಿಟ್ಟು, ಬಳಿಕ ಬೆಲೆ ಸಾಲದೆಂದು ಮನವಿ ಬರೆಯುತ್ತೇವೆ. ಸರ್ಕಾರದ ಕನಿಷ್ಠ ಬೆಂಬಲ ಬೆಲೆಯ ಬೆಳೆಗಳಿಗೆ ವೆಚ್ಚ ಲೆಕ್ಕ ಹಾಕುವಾಗ ಮನೆಮಂದಿಯ ದುಡಿಮೆಗೂ ಬೆಲೆ ಕಟ್ಟುತ್ತಾರೆ. ಆ ಪಟ್ಟಿಯಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ನಮ್ಮ ವೆಚ್ಚ ಇಷ್ಟು ಎಂದು ತೋರಿಸುವ ಹೊರೆ ನಮ್ಮ ಮೇಲೇ ಇದೆ.

ಕಚೇರಿಯಲ್ಲಿ ತೋಟದ ದಿನಚರಿ ಪುಸ್ತಕ ಸಿದ್ಧವಿದೆ. ಒಂದು ಪುಟಕ್ಕೆ ಒಂದು ವಾರ. ಹೊರಗಿನ ಆಳು, ಮನೆಯ ಆಳು, ಕೊಂಡದ್ದು, ಮಾರಿದ್ದು, ಮಳೆ ಎಂದು ಐದು ಅಂಕಣ. ಮಳೆಯನ್ನು ಇಂಚಿನಲ್ಲಿ ಅಳೆಯುವ ಪಾತ್ರೆ ಇರುವವರು ಅದನ್ನೇ ಬರೆಯಲಿ, ಸೆಂಟ್‌ನಲ್ಲಿ ಹೇಳುವ ರೂಢಿಯವರು ಹಾಗೆಯೇ ಬರೆಯಲಿ. ಸರಿಪಡಿಸುವ ಕೆಲಸ ಕಚೇರಿಯದು. ಪ್ರತಿ ಗ್ರಾಮ ಪಂಚಾಯತಿಯಿಂದ ಮಾಪಕಕ್ಕೆ ಹತ್ತಿರದ ಇಬ್ಬರು, ದೂರದ ಇಬ್ಬರು, ಗುಡ್ಡದ ಆಚೆಯ ಇಬ್ಬರು ಮುಂದೆ ಬಂದರೆ ಈ ಮಳೆಗಾಲದಿಂದಲೇ ಆರಂಭಿಸಬಹುದು. ಅಧ್ಯಯನ ಕೂಟದಲ್ಲಿ ಈ ಪಾಠ ಓದಿದ ಮೇಲೆ ಹೆಸರುಗಳನ್ನು ಅಲ್ಲಿಯೇ ಬರೆದುಕೊಂಡು, ಮೇ ತಿಂಗಳ ಕೊನೆಯೊಳಗೆ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ